ಎಂ.ಎ. ಪ್ರಾಚೀನ ಇತಿಹಾಸ-ಪುರಾತತ್ವ ಮಾಡ್ಲಾ, ಬರೀ ಇತಿಹಾಸ ಮಾಡ್ಲಾ?

ಮೆಕ್ಕೆಜೋಳ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಿ.ಎ. ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಮನೇಲಿ ಕೂತಿದ್ದೀನಿ. ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿದ್ದು. ಅಪ್ಪ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರು. ಅವರದ್ದು ನೇರ ಲೆಕ್ಕ: ಬಿ.ಎಡ್. ಮಾಡು, ಕಾಲ್ ಫಾರ್ ಆದಾಗ ಹೈಸ್ಕೂಲಿಗೆ ಅರ್ಜಿ ಹಾಕು. ಎಂ.ಎ. ಮಾಡ್ಲೇಬೇಕು ಅಂದ್ರೆ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಮನೆಯಿಂದಾನೇ ಓಡಾಡಬಹುದು, ಹಾಸ್ಟೆಲ್ ಖರ್ಚು ಯಾಕೆ ಅಂತ ಮಾವ ಅಂತಾರೆ.

ನನಗೆ ಮಾತ್ರ ಪ್ರಾಚೀನ ಇತಿಹಾಸ ಮತ್ತು ಪುರಾತತ್ವಾನೇ ಓದಬೇಕು ಅಂತ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದಕ್ಕೇ ಅಂತ ಬೇರೆ ವಿಭಾಗ ಇದೆ ಅಂತ ಗೊತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲೂ ಇದೆ. ಪುಣೆಯ ಡೆಕ್ಕನ್ ಕಾಲೇಜು ಅಂತ ನಮ್ಮ ಮೇಡಂ ಒಬ್ಬರು ಹೇಳಿದ್ರು, ಅಲ್ಲಿ ಎಲ್ಲಾ ಇಂಗ್ಲಿಷಲ್ಲೇ ಅಂತೆ, ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ.

ನಮ್ಮನ್ನ ಒಂದ್ಸಲ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಕರ್ಕೊಂಡು ಹೋಗಿದ್ರು. ಉಳಿದವರೆಲ್ಲ ಅಂಕಲಿ ಮಠದ ಗವಿಯೊಳಗೆ ಮೊಬೈಲ್ ಟಾರ್ಚ್ ಹಾಕ್ಕೊಂಡು ಕೂಗಾಡ್ತಿದ್ರು. ಈ ಕೆರೆ ದಡದಲ್ಲಿ ರೋಮ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ ಅಂತ ಮೇಡಂ ಅಂದ್ರು ನೋಡಿ, ಅವತ್ತಿಂದ ತಲೇಲಿ ಅದೇ. ಹಾಗಾಗಿ ಒಂದು ದಡ್ಡ ಪ್ರಶ್ನೆನೂ ಇದೆ: ಗ್ರೀಕ್, ಲ್ಯಾಟಿನ್ ಎಲ್ಲ ಕಲಿಸೋ ಕೋರ್ಸ್ ನಮ್ಮ ಕಡೆ ಇದೆಯಾ? ಹೊರದೇಶದಲ್ಲಿ ಕ್ಲಾಸಿಕ್ಸ್ ಅಂತಾರಲ್ಲ, ಅದು.

ಕೆಲಸ ಸಿಗುತ್ತಾ ಇಲ್ವಾ, ಯಾವ ಕಡೆ ಸೇರಬೇಕು, ಸಂಸ್ಕೃತ ಬರದಿದ್ರೆ ನಡೆಯುತ್ತಾ? ಓದಿದವರು ಯಾರಾದ್ರೂ ಇದ್ರೆ ಹೇಳಿ. ಅಪ್ಪಂಗೆ ಹೇಳೋಕೆ ನನಗೆ ಉತ್ತರ ಬೇಕು.

ಕೆಎಎಸ್ ಗುರಿ, ಹರಪನಹಳ್ಳಿ

ಸುಮ್ನೆ ಎಂ.ಎ. ಇತಿಹಾಸ ಮಾಡಿ ಮೇಡಂ. ಸ್ಪರ್ಧಾತ್ಮಕ ಪರೀಕ್ಷೆಗೆ ಅದೇ ಉಪಯೋಗ. ಮಡಕೆ ಚೂರು ಎಣಿಸೋದ್ರಿಂದ ಹೊಟ್ಟೆ ತುಂಬಲ್ಲ.

ಬೋಕಿಬಿಲ್ಲೆ, ಚಿತ್ರದುರ್ಗ

ಮೇಲಿನ ತಮ್ಮ, ಮಡಕೆ ಚೂರು ಎಣಿಸಿ ಹೊಟ್ಟೆ ತುಂಬಿಸ್ಕೊಂಡೋಳು ಬರೀತಿದೀನಿ, ಸ್ವಲ್ಪ ಜಾಗ ಬಿಡಪ್ಪ.

ನಾನು ದುರ್ಗದೋಳು. ಮಾನಸಗಂಗೋತ್ರಿಯಲ್ಲಿ ಇದೇ ಎಂ.ಎ. ಮಾಡಿ, ಕೆಲವು ವರ್ಷ ಉತ್ಖನನ, ಸರ್ವೇಕ್ಷಣೆ ಅಂತ ದಿನಗೂಲಿ ಲೆಕ್ಕದಲ್ಲಿ ಅಲೆದೆ. ಆಮೇಲೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾಗಿ ಈಗ ಸರ್ಕಾರಿ ಪದವಿ ಕಾಲೇಜಲ್ಲಿ ಇತಿಹಾಸ ಪಾಠ ಮಾಡ್ತೀನಿ. ಉದ್ದ ಬರೀತೀನಿ, ಚಾ ಇಟ್ಕೊಂಡು ಓದು ತಂಗಿ.

ಮೊದಲು ನಿನ್ನ ನಾಣ್ಯದ ವಿಷಯ. ಚಂದ್ರವಳ್ಳೀಲಿ ಸಿಕ್ಕಿದ್ದು ಟೈಬೀರಿಯಸ್‌ನ ದಿನಾರಿ, ಕ್ರಿ.ಶ. 14ರಿಂದ 37ರವರೆಗೆ ಆಳಿದೋನು. ಅದರ ಜೊತೆಗೇ ಸಾತವಾಹನರ ಕಾಲದ ಸೀಸದ ನಾಣ್ಯ, ಮಹಾರಠಿ ಅನ್ನೋ ಸ್ಥಳೀಯ ಅಧಿಪತಿಗಳ ನಾಣ್ಯ ಎಲ್ಲ ಐತೆ. ಟೂರಿಗೆ ಬಂದೋರು ರೋಮ್ ಅಂದ ತಕ್ಷಣ ಬಾಯಿ ಬಿಡ್ತಾರೆ, ಸೀಸದ ನಾಣ್ಯದ ಕಡೆ ತಿರುಗಿ ನೋಡಲ್ಲ. ಆದ್ರೆ ಊರಿನ ಸಂತೇಲಿ ಕೈಯಿಂದ ಕೈಗೆ ಓಡಾಡಿದ್ದು ಸೀಸದ್ದು.

ರೋಮಿನ ಸಾಮಾನು ನಮ್ಮ ಜಿಲ್ಲೆಗೆ ಮಾಡಿದ ದೊಡ್ಡ ಉಪಕಾರ ಬೇರೇನೇ ಐತೆ, ಅದನ್ನ ಯಾರೂ ಹೇಳಲ್ಲ. ಆಗ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಹತ್ರ ಅರಿಕಮೇಡು ಅಗೆಸಿದ. ಅಲ್ಲಿ ಇಟಲಿಯಿಂದ ಹಡಗಲ್ಲಿ ಬಂದ ಕೆಂಪು ಹೊಳಪಿನ ಅರೆಟೈನ್ ಪಾತ್ರೆ ಚೂರು ಸಿಕ್ಕವು. ಆ ಪಾತ್ರೆ ಇಟಲೀಲಿ ಯಾವ ಕಾಲದಲ್ಲಿ ಮಾಡ್ತಿದ್ರು ಅನ್ನೋದು ಮೊದಲೇ ಗೊತ್ತಿತ್ತು. ಅದೇ ತಾಣದಲ್ಲಿ ಅದರ ಜೊತೆ ಇನ್ನೊಂದು ನಮೂನೆ ಪಾತ್ರೆ ಸಿಕ್ತು, ರೂಲೆಟೆಡ್ ಅಂತಾರೆ, ತಟ್ಟೆಯ ಒಳಮೈ ಮೇಲೆ ಸಣ್ಣ ಸಣ್ಣ ಗೀರು ಸುತ್ತ ಸಾಲಾಗಿ ಓಡಿರ್ತವೆ. ಎರಡು ವರ್ಷ ಬಿಟ್ಟು, 1947ರಲ್ಲಿ, ವೀಲರ್ ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಬಂದಾಗ ಅದೇ ಗೀರಿನ ಚೂರು ಇಲ್ಲೂ ಬಂತು. ಸಿಕ್ತಲ್ಲ ದಾರ! ಅದನ್ನ ಹಿಡ್ಕೊಂಡು ಮೇಲಿನ ಪದರಕ್ಕೆ ಕಾಲ ಕಟ್ಟಿದ. ಅದರ ಕೆಳಗಿನ ಬೃಹತ್ ಶಿಲಾ ಸಮಾಧಿಗಳ ಪದರಕ್ಕೆ, ಅದಕ್ಕೂ ಕೆಳಗಿನ ಕಲ್ಲುಕೊಡಲಿ ಜನರ ಪದರಕ್ಕೆ ಅಂದಾಜು ಹಾಕಿದ. ಕಲ್ಲುಕೊಡಲಿಯೋರು ಕ್ರಿ.ಪೂ. 1000ದ ಸುಮಾರಿಗೆ ಶುರು ಅಂದ. ಮುಂದೆ ಇದ್ದಿಲು, ಮೂಳೆಯಿಂದ ಕಾಲ ಅಳೆಯೋ ರೇಡಿಯೋಕಾರ್ಬನ್ ಬಂದ ಮೇಲೆ ದಕ್ಷಿಣದ ನವಶಿಲಾಯುಗ, ಅಂದ್ರೆ ಈ ಕಲ್ಲುಕೊಡಲಿಯೋರ ಕಾಲ, ಅದಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಯ್ತು. ಪದರಗಳ ಮೇಲು-ಕೆಳಗಿನ ಕ್ರಮ ಹಂಗೇ ನಿಂತೈತೆ, ಅವನು ಹಾಕಿದ ಇಸವಿಗಳು ಮಾತ್ರ ಬಿದ್ದೋದ್ವು.

ಇಷ್ಟು ಓದಿ ನಿಂಗೆ ಮೈ ಜುಮ್ ಅಂದ್ರೆ ಪುರಾತತ್ವಕ್ಕೆ ಬಾ. ಗೀರಿನ ಚೂರು ಬಿಟ್ಟು ಬರೀ ನಾಣ್ಯದ ಮೇಲಿನ ರಾಜನ ಮುಖ ನೆನಪಾಗ್ತಿದ್ರೆ ಇತಿಹಾಸ ಎಂ.ಎ. ಸಾಕು. ಅದ್ರಲ್ಲೂ ತಪ್ಪೇನಿಲ್ಲ.

ಈಗ ಎಲ್ಲಿ ಸೇರೋದು ಅನ್ನೋದು. ಯಾವ ವಿಭಾಗದ ಹೆಸರೂ ನೋಡಬೇಡ, ಸಿಲಬಸ್ಸೂ ನೋಡಬೇಡ. ಸಿಲಬಸ್ಸಲ್ಲಿ ಎಲ್ಲರೂ ‘ಕ್ಷೇತ್ರಕಾರ್ಯ’ ಅಂತ ಬರ್ದಿರ್ತಾರೆ. ವಿಭಾಗಕ್ಕೆ ಹೋಗಿ, ಎರಡನೇ ವರ್ಷದ ಹುಡುಗ್ರನ್ನ ಕ್ಯಾಂಟೀನಲ್ಲಿ ಹಿಡಿದು ಕೇಳು: ಹೋದ ವರ್ಷ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರು, ಏನು ಮಾಡಿಸಿದ್ರು? ‘ಬೇಲೂರು, ಹಳೇಬೀಡು ನೋಡಿ ಬಂದ್ವಿ’ ಅಂದ್ರೆ ಅದು ಟೂರು. ‘ಟ್ರೆಂಚ್ ಹಾಕಿದ್ವಿ, ಪದರದ ಚಿತ್ರ ಬರೆದ್ವಿ, ಇಂಥ ಊರಿನ ಸುತ್ತ ಹೊಲ ಹೊಲ ನಡೆದು ಚೂರು ಗುರುತು ಹಾಕಿದ್ವಿ’ ಅಂದ್ರೆ ಕಣ್ಣು ಮುಚ್ಕೊಂಡು ಸೇರು. ಉತ್ಖನನಕ್ಕೆ ಕೇಂದ್ರದ ಪರವಾನಗಿ ಬೇಕು, ದುಡ್ಡು ಬೇಕು, ಎಲ್ಲಾ ವರ್ಷನೂ ಎಲ್ಲಾ ಕಡೆನೂ ನಡೆಯಲ್ಲ. ನಿನ್ನ ಎರಡು ವರ್ಷದಲ್ಲಿ ಒಂದು ಸೀಸನ್ನಾದ್ರೂ ಮಣ್ಣಿಗೆ ಇಳಿಸ್ತಾರಾ ಅನ್ನೋದೇ ಮುಖ್ಯ. ನನ್ನ ಮಟ್ಟಿಗೆ ಈ ಪದವಿ ಅಂದ್ರೆ ಅಷ್ಟೇ, ಉಳಿದಿದ್ದು ಪುಸ್ತಕದಲ್ಲಿ ಸಿಗುತ್ತೆ.

ಮಣ್ಣಲ್ಲಿ ಏನಿರುತ್ತೆ ಅಂತೀಯಾ? ಬೆಳಿಗ್ಗೆ ಬಿಸಿಲು ಏರೋ ಮುಂಚೆ ಕೆಲಸ ಶುರು. ಗೂಟ ಹೊಡೆದು ದಾರ ಕಟ್ಟಿ ಚೌಕ ಮಾಡಿರ್ತಾರೆ, ಚೌಕ-ಚೌಕದ ನಡುವೆ ಅಗೆಯದೆ ಗೋಡೆ ಬಿಟ್ಟಿರ್ತಾರೆ, ಮಣ್ಣಿನ ಪದರ ಕಾಣೋದು ಆ ಗೋಡೇಲಿ. ಕರಣೆ, ಬ್ರಷ್ಷು, ಬಾಂಡ್ಲಿ, ಇಷ್ಟೇ ಆಯುಧ. ನಂಗೆ ಪದರ ಅಂದ್ರೇನು ಅಂತ ಕಲಿಸಿದ್ದು ಕೂಲಿಗೆ ಬರ್ತಿದ್ದ ಒಬ್ಬ ಅಜ್ಜಿ. ಗುದ್ದಲಿ ಬಿದ್ದ ಸದ್ದಲ್ಲೇ ಹೇಳೋಳು: ಇದು ಗಟ್ಟಿ ನೆಲ, ಮನೆಯೊಳಗಿನದು, ಇಲ್ಲಿ ಪೊಳ್ಳು ಐತೆ, ಯಾರೋ ಗುಂಡಿ ತೋಡಿ ಮುಚ್ಚಿದಾರೆ. ನಮ್ಮ ಸರ್ ಅವಳ ಮಾತು ಕೇಳಿನೇ ನೋಟ್ಸಲ್ಲಿ ಗೆರೆ ಎಳೀತಿದ್ರು. ಮಧ್ಯಾಹ್ನ ಚೂರು ತೊಳೆಯೋದು, ಗೋಣಿಚೀಲದ ಮೇಲೆ ಒಣಗಿಸೋದು, ಒಣಗಿದ ಮೇಲೆ ಒಳಮೈ ಮೇಲೆ ನಿಬ್ಬಿನಿಂದ ಇಂಡಿಯನ್ ಇಂಕಲ್ಲಿ ತಾಣದ ಸಂಕೇತ, ವರ್ಷ, ಚೌಕ, ಪದರ ಬರೆಯೋದು. ಅಕ್ಷರ ಅಕ್ಕಿಕಾಳಷ್ಟಿರಬೇಕು. ಸಂಜೆ ಬಾಯಂಚಿನ ಚೂರುಗಳ ಚಿತ್ರ. ಅಂಚಿನ ಬಾಗು ನೋಡಿ ಅದು ಗಡಿಗೆನಾ, ಬಟ್ಟಲಾ, ತಟ್ಟೆನಾ, ಬಾಯಗಲ ಎಷ್ಟು ಅಂತ ಹೇಳೋಕೆ ಬರಬೇಕು. ಊರಿನೋರು ದಿನಾ ಬಂದು ನಿಂತು ಕೇಳೋದು ಒಂದೇ: ‘ನಿಧಿ ಸಿಕ್ತಾ?’ ಇಲ್ಲ ಅಂದ್ರೆ ನಂಬಲ್ಲ. ರಾತ್ರಿ ಲಾರೀಲಿ ಸಾಗಿಸ್ತೀವಿ ಅಂತಾನೇ ಅವರ ಲೆಕ್ಕ.

ಹುಡುಗಿ ಅಂತ ಮನೇಲಿ ಹೆದರ್ತಾರೆ. ನಮ್ಮ ಬ್ಯಾಚಲ್ಲಿ ಹುಡುಗೀರೂ ಸುಮಾರು ಜನ ಇದ್ವಿ. ಶೌಚಾಲಯದ ವ್ಯವಸ್ಥೆ ಏನು, ರಾತ್ರಿ ಎಲ್ಲಿ ಉಳಿಸ್ತಾರೆ, ಜೊತೆಗೆ ಮೇಡಂ ಯಾರಾದ್ರೂ ಇರ್ತಾರಾ ಅಂತ ಮೊದಲೇ ಕೇಳಿಬಿಡು, ಸಂಕೋಚ ಬೇಡ.

ಭಾಷೆ. ಪುರಾತತ್ವಕ್ಕೆ ಸಂಸ್ಕೃತ ಕಡ್ಡಾಯ ಅಲ್ಲ. ಶಾಸನದ ಕಡೆ ಹೋದ್ರೆ ಬೇಕಾಗುತ್ತೆ, ಆದ್ರೆ ನಮ್ಮ ಜಿಲ್ಲೆಗೆ ಮೊದಲು ಬೇಕಾಗೋದು ಬ್ರಾಹ್ಮಿ ಲಿಪಿ ಮತ್ತೆ ಪ್ರಾಕೃತ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆಯ ಅಶೋಕನ ಶಾಸನಗಳನ್ನ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಅಧಿಕಾರಿಗಳು) ಇಸಿಲ ಅನ್ನೋ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸೋದರಿಂದ ಶಾಸನ ಶುರು ಆಗುತ್ತೆ, ಥೇಟ್ ಹಳೇ ಕಾಲದ ಕಾಗದ. ಕೊನೇಲಿ ಬರೆದೋನು ಚಪಡ ಅಂತ ಹೆಸರು ಹಾಕಿ, ‘ಲಿಪಿಕಾರ’ ಅನ್ನೋದನ್ನ ಮಾತ್ರ ಖರೋಷ್ಠೀಲಿ ಬರ್ದಿದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆ ಲಿಪಿ. ಮೊಳಕಾಲ್ಮುರಿನ ಬಂಡೆ ಮೇಲೆ ಇದೇನು ದೌಲತ್ತು ಅಂತ ನಂಗೆ ಇವತ್ತಿಗೂ ನಗು ಬರುತ್ತೆ. ಅಷ್ಟು ದೂರದಿಂದ ಬಂದಿದ್ನೋ, ಅಲ್ಲಿ ಕಲ್ತು ಬಂದಿದ್ನೋ.

ಇನ್ನು ಕೆಲಸ. ಇಲ್ಲಿ ಸ್ವಲ್ಪ ಕಹಿ ಹೇಳ್ತೀನಿ. ದಿನಗೂಲಿ ಕಾಲದಲ್ಲಿ ದುಡ್ಡು ತಿಂಗಳುಗಟ್ಟಲೆ ಬರ್ತಿರಲಿಲ್ಲ. ಅದಕ್ಕಿಂತ ಉರಿದಿದ್ದು ಇನ್ನೊಂದು. ಒಂದು ನೇಮಕಾತಿಯ ದಾಖಲೆ ಪರಿಶೀಲನೇಲಿ ಮೇಜಿನ ಹಿಂದೆ ಕೂತೋರು ನನ್ನ ಅಂಕಪಟ್ಟಿ ತಿರುಗಿಸಿ ನೋಡಿ, ‘ಇದು ಇತಿಹಾಸ ಅಲ್ವಲ್ಲಮ್ಮ, ಪ್ರಾಚೀನ ಇತಿಹಾಸ ಅಂತ ಐತೆ’ ಅಂದ್ರು. ಮೌರ್ಯರು ಇತಿಹಾಸಕ್ಕೆ ಸೇರಲ್ವಾ ಸ್ವಾಮಿ ಅಂತ ಬಾಯಿಗೆ ಬಂತು, ನುಂಗ್ಕೊಂಡೆ. ತತ್ಸಮಾನ ಅಂತ ಪತ್ರ ತರೋಕೆ ಮೈಸೂರಿಗೆ ಓಡಿದೆ. ಅದಕ್ಕೇ ಹೇಳ್ತೀನಿ, ಪದವಿ ಕೈಗೆ ಬಂದ ವಾರದಲ್ಲೇ ಆ ಪತ್ರ ಮಾಡಿಸಿ ಇಟ್ಕೋ. ಪ್ರತಿ ಅಧಿಸೂಚನೇಲೂ ‘ಸಂಬಂಧಿತ ವಿಷಯ’ ಅಂತ ಏನು ಬರ್ದಿದಾರೆ, ಅಕ್ಷರ ಅಕ್ಷರ ಓದು.

ನೆಟ್ಟಲ್ಲಿ ಇತಿಹಾಸ ಬೇರೆ, ಪುರಾತತ್ವ ಬೇರೆ ವಿಷಯ. ಪದವಿ ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ರೆ ಇತಿಹಾಸದಲ್ಲಿ ಬರಿ, ನಾನು ಮಾಡಿದ್ದು ಅದೇ. ಸಂಶೋಧನೆ ಆದ್ರೆ ಪುರಾತತ್ವ. ನೆಟ್ಟಲ್ಲಿ ಮೇಲಿನ ಸ್ಥಾನ ಬಂದೋರಿಗೆ ಕೊಡೋ ಸಂಶೋಧನಾ ವೇತನ, ಜೆ.ಆರ್.ಎಫ್., ಬಂದ್ರೆ ತಿಂಗಳಿಗೆ 37,000 ಬರುತ್ತೆ, ಅಪ್ಪಂಗೆ ಹೇಳೋಕೆ ಒಳ್ಳೇ ಅಂಕಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಹೋಗಬೇಕು ಅಂದ್ರೆ ಎಂ.ಎ. ಆದ ಮೇಲೆ ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೇಲಿ ಎರಡು ವರ್ಷದ ಡಿಪ್ಲೊಮಾ ಐತೆ. ಸೀಟು ಕೈಬೆರಳಲ್ಲಿ ಎಣಿಸೋ ಹಂಗೆ, ಪ್ರವೇಶ ಪರೀಕ್ಷೆ ಬೇರೆ. ಮೇಲಿನ ಹುದ್ದೆಗಳು ಯುಪಿಎಸ್‌ಸಿ ಮೂಲಕ ತುಂಬ್ತಾರೆ, ಕರೆದಾಗ ಕರೆದ್ರು ಅಷ್ಟೇ.

ನಿವೃತ್ತ ಮೇಷ್ಟ್ರು, ಹೊಸದುರ್ಗ

ನಮ್ಮ ಬೋಕಿಬಿಲ್ಲೆ ತಂಗಿ ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ತಂದೆಯವರ ಮಾತನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ ಮಗಳೇ. ಬಿ.ಎಡ್. ಎಂಬುದು ಶತ್ರುವಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಎಂ.ಎ. ಜೊತೆಗೆ ಬಿ.ಎಡ್. ಕೇಳುತ್ತಾರೆ. ಎಂ.ಎ. ಮುಗಿಸಿ ಬಿ.ಎಡ್. ಮಾಡಿದರೆ ಎರಡು ಬಾಗಿಲು ತೆರೆಯುತ್ತವೆ. ಮೊದಲು ಬಿ.ಎಡ್. ಮಾಡಿದರೆ ಎರಡು ವರ್ಷ ಪಾಠಯೋಜನೆ ಬರೆಯುವುದರಲ್ಲಿ ಈಗಿರುವ ಉತ್ಸಾಹ ಇಳಿದುಹೋಗಬಹುದು, ಅದೊಂದೇ ನನ್ನ ಭಯ. ತಂದೆಯವರಿಗೆ ಹೀಗೆ ಹೇಳಿ ನೋಡಿ: ಬಿ.ಎಡ್. ಬಿಡುವುದಿಲ್ಲ, ಮುಂದಕ್ಕೆ ಹಾಕುತ್ತೇನೆ ಅಷ್ಟೆ.

ಇನ್ನೊಂದು ಮಾತು. ಶಾಸನ ಓದಲು ಮೈಸೂರಿನವರೆಗೆ ಕಾಯಬೇಕಿಲ್ಲ. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟ ಪೂರ್ತಿ ನಮ್ಮ ಹಳೆಯ ಚಿತ್ರದುರ್ಗ ಜಿಲ್ಲೆಯದೇ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ ತಾನೇ, ನಿಮ್ಮೂರಿನ ಶಾಸನಗಳೂ ಅದರಲ್ಲಿವೆ. ಶಾಸನಪಾಠ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ. ಐಚ್ಛಿಕ ಕನ್ನಡದಲ್ಲಿ ಹಳಗನ್ನಡ ಓದಿದವರಿಗೆ ಅಷ್ಟು ಕಷ್ಟವಾಗದು.

ಹೊಳಲ್ಕೆರೆಯವ, ಈಗ ಇಂಗ್ಲೆಂಡಿನಲ್ಲಿ

ಗ್ರೀಕ್-ಲ್ಯಾಟಿನ್ ಪ್ರಶ್ನೆಗೆ ನಾನು ಉತ್ತರಿಸಬಹುದು. ಎಂಜಿನಿಯರಿಂಗ್ ಮುಗಿಸಿ, ಕೆಲವು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಆ ದುಡ್ಡಲ್ಲಿ ಇಲ್ಲಿ ಬಂದು ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಮನೆಯಲ್ಲಿ ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಇಲ್ಲಿ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಕ್ಲಾಸಿಕ್ಸ್ ಅಂದರೆ ಗ್ರೀಕ್ ಮತ್ತು ಲ್ಯಾಟಿನ್ ಪಠ್ಯಗಳನ್ನು ಮೂಲದಲ್ಲೇ ಓದುವುದು, ಅದಕ್ಕೆ ಭಾಷೆ ಮೊದಲೇ ಬಂದಿರಬೇಕು. ಪ್ರಾಚೀನ ಇತಿಹಾಸ ಅಥವಾ ಪುರಾತತ್ವಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ, ಅಕ್ಷರದಿಂದ ಕಲಿಸುವ ತರಗತಿಗಳೂ ಇರುತ್ತವೆ. ನಾನು ಲ್ಯಾಟಿನ್ ಹಾಗೇ ಶುರು ಮಾಡಿದ್ದು. ವಿಭಕ್ತಿ ಪ್ರತ್ಯಯ ಅಂದರೆ ಸಹಪಾಠಿಗಳು ಒದ್ದಾಡುತ್ತಿದ್ದರು, ಹೈಸ್ಕೂಲಿನಲ್ಲಿ ‘ರಾಮಃ ರಾಮೌ ರಾಮಾಃ’ ಉರು ಹೊಡೆದ ನನಗೆ ಅದೊಂದು ಸಲೀಸಾಯಿತು.

ಆದರೆ ನೀವು ಕೇಳುತ್ತಿರುವ ವಿಷಯಕ್ಕೆ ಇಲ್ಲಿಯ ಕ್ಲಾಸಿಕ್ಸ್ ಅಷ್ಟಾಗಿ ಒದಗುವುದಿಲ್ಲ. ಭಾರತದ ವ್ಯಾಪಾರಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹರಿದುಹೋಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಎಲ್ಲರಿಗೂ ಗೊತ್ತು. ಗ್ರೀಕ್ ಭೂಗೋಳಜ್ಞ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರು ಇದೆ ಅಂದರೆ ಹೌದಾ ಅಂತಾರೆ. ಆ ದುಡ್ಡು ಬಂದು ಬಿದ್ದ ನೆಲದಲ್ಲಿ ಯಾರಿದ್ದರು, ಏನು ಮಾರಿದರು ಅನ್ನುವುದನ್ನು ಇಲ್ಲಿ ಕೂತು ಹೇಳಲು ಆಗಲ್ಲ. ಅದಕ್ಕೆ ಮೊದಲು ಊರಿನ ಮಡಕೆ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ, ಎಂಜಿನಿಯರ್ ಅಲ್ಲವೇ. ನೀವು ಅಲ್ಲಿಯ ಎಂ.ಎ. ಮುಗಿಸಿ, ಪಿಎಚ್.ಡಿ. ಹೊತ್ತಿಗೆ ಈ ಕಡೆ ನೋಡಿದರೆ ಕೈಯಲ್ಲಿ ಸರಕು ಇರುತ್ತದೆ.

ದುಡ್ಡಿನ ಬಗ್ಗೆ ಒಂದು ಎಚ್ಚರಿಕೆ. ಪರಿಶಿಷ್ಟ ಜಾತಿ ಮೊದಲಾದ ವಿದ್ಯಾರ್ಥಿಗಳಿಗಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮವನ್ನು 2022ರಲ್ಲಿ ಬದಲಿಸಿದರು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳನ್ನು ಹೊರದೇಶದಲ್ಲಿ ಓದಲು ಅದು ಸಿಗುವುದಿಲ್ಲ. ರೋಮಿನ ಇತಿಹಾಸ ಓದುತ್ತೇನೆ ಅಂದರೆ ಸಿಗಬಹುದು, ಚಂದ್ರವಳ್ಳಿಯದ್ದು ಅಂದರೆ ಇಲ್ಲ. ಅರ್ಜಿ ಹಾಕುವ ಮೊದಲು ಆಯಾ ವರ್ಷದ ಮಾರ್ಗಸೂಚಿ ನೋಡಿಕೊಳ್ಳಿ.

ಮೆಕ್ಕೆಜೋಳ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋಕಿಬಿಲ್ಲೆ ಅಕ್ಕ, ನಿಮ್ಮ ಉತ್ತರ ಅಪ್ಪಂಗೆ ಓದಿ ಹೇಳಿದೆ. 37,000 ಅಂದಾಗ ಕನ್ನಡಕ ತೆಗೆದು ‘ಎಷ್ಟು?’ ಅಂದ್ರು. ಜೊತೆಗೆ ‘ಆ ಪರೀಕ್ಷೆ ಎಷ್ಟು ಜನ ಬರೀತಾರೆ, ಎಷ್ಟು ಜನಕ್ಕೆ ಸಿಗುತ್ತೆ ಅದನ್ನೂ ಕೇಳು’ ಅಂದ್ರು, ಗುಮಾಸ್ತರಲ್ವಾ. ಬಿ.ಎಡ್. ಮುಂದಕ್ಕೆ ಹಾಕ್ತೀನಿ ಅನ್ನೋ ಮಾತು ಮಾತ್ರ ಕೆಲಸ ಮಾಡಿದೆ. ಮೇಷ್ಟ್ರಿಗೆ ವಿಶೇಷ ನಮಸ್ಕಾರ.

ಮತ್ತೆ ಎರಡು ಸಂದೇಹ. ಅಡ್ಮಿಷನ್ ಶುರುವಾಗೋ ತನಕ ಸುಮ್ನೆ ಕೂರಬೇಕಲ್ಲ, ಏನು ಓದಿಕೊಳ್ಳಲಿ? ಇನ್ನೊಂದು, ಚಂದ್ರವಳ್ಳೀಲಿ ಕೆರೆ ಪಕ್ಕ ಮಳೆ ಬಂದ ಮೇಲೆ ಮಡಕೆ ಚೂರು ತಾನಾಗೇ ಮೇಲೆ ಬಂದಿರುತ್ತಂತೆ. ಅದನ್ನ ತಂದು ಚಿತ್ರ ಬರೆದು ಅಭ್ಯಾಸ ಮಾಡಬಹುದಾ?

ಬೋಕಿಬಿಲ್ಲೆ, ಚಿತ್ರದುರ್ಗ

ಮುಟ್ಟಬೇಡ! ಸಂರಕ್ಷಿತ ತಾಣದಿಂದ ಒಂದು ಚೂರು ತಂದ್ರೂ ತಪ್ಪೇ. ಕಾನೂನು ಪಕ್ಕಕ್ಕಿಡು, ಚೂರು ಬಿದ್ದ ಜಾಗದಿಂದ ಎದ್ದ ಕ್ಷಣ ಅದಕ್ಕೆ ಮಾತು ಹೋಗುತ್ತೆ. ನಿನ್ನ ಮೇಜಿನ ಡ್ರಾಯರಲ್ಲಿ ಅದು ಯಾವ ಪದರದ್ದು ಅಂತ ಯಾರು ಹೇಳ್ತಾರೆ? ಈ ಕಡೆ ನಂದಿ ವಿಗ್ರಹದ ಹೊಟ್ಟೆ ಸೀಳೋ ನಿಧಿಗಳ್ಳರ ಕಾಟ ಬೇರೆ, ಹೊಲದಲ್ಲಿ ಬಗ್ಗಿ ಹುಡುಕ್ತಿದ್ರೆ ಊರಿನೋರು ನಿನ್ನನ್ನೇ ಹಿಡಿದು ಕೂರಿಸ್ತಾರೆ. ಅಲ್ಲೇ ಕೂತು ನೋಡು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತಗೋ, ಬಿಟ್ಟು ಬಾ. ಚಿತ್ರ ಅಭ್ಯಾಸಕ್ಕೆ ನಿಮ್ಮ ಮನೇಲಿ ಒಡೆದ ಮಡಕೆ ಸಾಕು. ಸಂತೇಲಿ ಎರಡು ಕುಡಿಕೆ ತಂದು ಬೇಕಂತಲೇ ಒಡಿ. ಮೊದಲು ಪೂರ್ತಿ ಕುಡಿಕೆಯ ಚಿತ್ರ ಬರಿ, ಆಮೇಲೆ ಒಡೆದು ಬಾಯಂಚಿನ ಒಂದೇ ಚೂರಿಂದ ಕುಡಿಕೆಯ ಆಕಾರ ಬರಿ. ಎರಡೂ ಹೋಲುತ್ತಾ ನೋಡು.

ನಿಮ್ಮಪ್ಪನ ಪ್ರಶ್ನೆಗೆ: ಬಹಳ ಜನ ಬರೀತಾರೆ, ಜೆ.ಆರ್.ಎಫ್. ಸಿಗೋದು ಕೆಲವರಿಗೆ. ಸುಳ್ಳು ಹೇಳಿ ಸೇರಿಸ್ಕೊಳ್ಳೋದು ಬೇಡ.

ನಿವೃತ್ತ ಮೇಷ್ಟ್ರು, ಹೊಸದುರ್ಗ

ಓದಿನ ಬಗ್ಗೆ ಕೇಳಿದಿರಿ. ನಿಮಗೆ ಹರಿಹರ ಎಷ್ಟು ದೂರ, ಬೆಳಿಗ್ಗೆ ಬಸ್ಸು ಹತ್ತಿದರೆ ತಿಂಡಿಯ ಹೊತ್ತಿಗೆ ಅಲ್ಲಿರುತ್ತೀರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಶಾಸನಗಳಿವೆ. ಹನ್ನೊಂದನೆಯ ಸಂಪುಟದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿ. ಒಂದು ಸಾಲನ್ನು ಪುಸ್ತಕದಲ್ಲಿ ಓದಿ, ಅದೇ ಸಾಲನ್ನು ಕಲ್ಲಿನಲ್ಲಿ ಹುಡುಕಿ. ಹದಿಮೂರನೆಯ ಶತಮಾನದ ಕನ್ನಡ ಅಕ್ಷರ ಈಗಿನದಕ್ಕೆ ಹತ್ತಿರ, ಎರಡು-ಮೂರು ಭೇಟಿಗೇ ಕಣ್ಣು ಒಗ್ಗುತ್ತದೆ. ಅಲ್ಲಿಂದ ಹಿಂದಕ್ಕೆ, ಕದಂಬರ ಕಾಲದ ಲಿಪಿಗೆ, ಕೊನೆಗೆ ಬ್ರಾಹ್ಮಿಗೆ ಹೋಗಿ. ಬ್ರಾಹ್ಮಿಯಿಂದ ಶುರು ಮಾಡಿ ಸೋತು ಬಿಟ್ಟವರನ್ನು ಬಹಳ ನೋಡಿದ್ದೇನೆ.

ಅಕ್ಷರ ಕಾಣದಿದ್ದರೆ ಸೀಮೆಸುಣ್ಣ, ಅರಿಶಿನ, ಎಣ್ಣೆ ಏನನ್ನೂ ಬಳಿಯಬೇಡಿ. ನಡು ಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಇಳಿಬಿಸಿಲು ಬದಿಯಿಂದ ಬಿದ್ದಾಗ ಗೀರುಗಳಲ್ಲಿ ನೆರಳು ನಿಲ್ಲುತ್ತದೆ. ಒಳಗಿನ ಕತ್ತಲೆಯಲ್ಲಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಓರೆಯಾಗಿ ಹಿಡಿಯಿರಿ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳ ಅಚ್ಚನ್ನು ಕಾಗದಕ್ಕೆ ತೆಗೆಯುವುದನ್ನು ಯಾರಾದರೂ ಬಲ್ಲವರ ಜೊತೆ ನೋಡಿಯೇ ಕಲಿಯಬೇಕು. ಕಲ್ಲನ್ನು ಬ್ರಷ್ಷಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ಗುಂಡಿಗೆ ಇಳಿಯುತ್ತದೆ. ಎಲ್ಲೂ ಗಾಳಿ ನಿಲ್ಲಬಾರದು, ಹರಿಯಲೂಬಾರದು. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಮುಟ್ಟಿಸಿ ಹಗುರವಾಗಿ ಒತ್ತುತ್ತಾ ಬಂದರೆ ನೆಲವೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಕಾಗದ ದಾಟಿ ಕಲ್ಲಿಗೆ ಹೋಗುತ್ತದೆ, ಆದ್ದರಿಂದ ಅನುಮತಿ ಇಲ್ಲದೆ, ಗುರುಗಳಿಲ್ಲದೆ ಕೈಹಾಕಬೇಡಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅದರಲ್ಲಿ ಕಲ್ಲಿಗೆ ಏನೂ ಸೋಕುವುದಿಲ್ಲ. ನಿಮ್ಮ ಕಾಲಕ್ಕೆ ಅದೇ ಬರಬಹುದು. ಆದರೂ ನನಗೆ ಆ ಒದ್ದೆ ಕಾಗದದ ಮೇಲೇ ಮೋಹ.

ಕೆಎಎಸ್ ಗುರಿ, ಹರಪನಹಳ್ಳಿ

ಅಕ್ಕಾರೆ, ಮಡಕೆ ಮಾತಿಗೆ ಬೇಜಾರಾಗಬೇಡಿ. ಆ ಗೀರಿನ ಚೂರು ಎಲ್ಲಿ ನೋಡೋಕೆ ಸಿಗುತ್ತೆ? ದುರ್ಗದ ಮ್ಯೂಸಿಯಂನಲ್ಲಿ ಇದೆಯಾ?

ಬೋಕಿಬಿಲ್ಲೆ, ಚಿತ್ರದುರ್ಗ

ಬೇಜಾರಿಲ್ಲಪ್ಪ. ಮ್ಯೂಸಿಯಂಗೆ ಹೋದಾಗ ಗಾಜಿನ ಪೆಟ್ಟಿಗೇಲಿರೋದನ್ನ ಮಾತ್ರ ನೋಡಿ ಬರಬೇಡ, ಅಲ್ಲಿನ ಸಿಬ್ಬಂದಿಯನ್ನ ಕೇಳು, ಯಾವುದು ಎಲ್ಲಿದು ಅಂತ ಹೇಳ್ತಾರೆ. ಅದಕ್ಕೂ ಮೊದಲು ವೀಲರ್‌ನ ಬ್ರಹ್ಮಗಿರಿ-ಚಂದ್ರವಳ್ಳಿ ವರದಿ ತೆಗೆದು ನೋಡು. ‘ಏನ್ಶಿಯಂಟ್ ಇಂಡಿಯಾ’ ನಿಯತಕಾಲಿಕದ ನಾಲ್ಕನೇ ಸಂಚಿಕೆ, ಹಳೇ ಸ್ಕ್ಯಾನ್ ಪ್ರತಿ ಅಂತರಜಾಲದಲ್ಲಿ ಸಿಗುತ್ತೆ.

ಮೆಕ್ಕೆಜೋಳ ತಂಗಿ, ಇದು ನಿಂಗೂನೂ. ಇಂಗ್ಲಿಷ್ ಅಂತ ಹೆದರಿ ಮೊದಲ ಪುಟದಿಂದ ನಿಘಂಟು ಹಿಡ್ಕೊಂಡು ಕೂರಬೇಡ. ಮೊದಲು ಪದರಗಳ ಚಿತ್ರ ನೋಡು, ಆಮೇಲೆ ಪಾತ್ರೆಗಳ ಚಿತ್ರದ ಪುಟಗಳು, ಒಂದೊಂದರ ಕೆಳಗೂ ಎರಡು-ಮೂರು ಸಾಲಿನ ವಿವರಣೆ ಇರುತ್ತೆ. ಅದೇ ಹತ್ತಾರು ಪದ ತಿರುಗಿ ತಿರುಗಿ ಬರ್ತವೆ, ಅಷ್ಟು ಕಲ್ತ್ರೆ ಡೆಕ್ಕನ್ ಕಾಲೇಜಿನ ಪ್ರವೇಶಕ್ಕೂ ಧೈರ್ಯ ಬರುತ್ತೆ. ಅರ್ಜಿ ಮೈಸೂರಿಗೂ ಹಾಕು, ಪುಣೆಗೂ ಹಾಕು, ತೋಳಹುಣಸೆಗೂ ಹಾಕು. ಮಾನಸಗಂಗೋತ್ರಿಗೆ ಹೋಗೋ ದಿನ ಹೇಳು, ಅಲ್ಲಿ ನಮ್ಮ ಹಳೇ ವಿದ್ಯಾರ್ಥಿನಿ ಒಬ್ಬಳು ಎರಡನೇ ವರ್ಷದಲ್ಲಿದ್ದಾಳೆ, ಕ್ಯಾಂಟೀನಲ್ಲಿ ಸಿಗೋಕೆ ಹೇಳ್ತೀನಿ. ವೈಯಕ್ತಿಕ ಸಂದೇಶ ಕಳಿಸು.